ಮಲಗುವ ಕೋಣೆ ಎಂದರೆ ಯಾವುದು?

ಇಪ್ಪತ್ತೆಂಟು ವರ್ಷ ಗಿರಣಿಯಲ್ಲಿ ಮಗ್ಗ ನಡೆಸಿ ನಿವೃತ್ತನಾದ ನಮ್ಮ ಗೆಳೆಯನೊಬ್ಬ ಭವಿಷ್ಯನಿಧಿಯ ಹಣವನ್ನೆಲ್ಲ ಸುರಿದು ಹೊಸ ಬಡಾವಣೆಯಲ್ಲಿ ಒಂದು ಫ್ಲಾಟು ಕೊಂಡ. ಕರಪತ್ರದಲ್ಲಿ ಅದು ಎರಡು ಬೆಡ್‌ರೂಮಿನ ಮನೆ. ಗೃಹಪ್ರವೇಶಕ್ಕೆ ಕರೆದಿದ್ದ, ಹೋಗಿ ಹೋಳಿಗೆ ಉಂಡು ಬಂದೆವು. ಊಟವಾದ ಮೇಲೆ ಎರಡನೆಯ ಬೆಡ್‌ರೂಮು ತೋರಿಸಿದ. ಮಂಚ ಹಾಕಿದರೆ ಬಾಗಿಲು ಮುಚ್ಚುವುದಿಲ್ಲ, ಬಾಗಿಲು ಮುಚ್ಚಬೇಕಾದರೆ ಮಂಚ ಹೊರಗೆ. ಕಿಟಕಿಯೆಂಬುದು ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ ಒಂದು ಕಿಂಡಿ. ಆಮೇಲೆ ಮಂಜೂರಾದ ನಕ್ಷೆಯನ್ನು ತರಿಸಿ ನೋಡಿದರೆ ಆ ಜಾಗಕ್ಕೆ ಅಲ್ಲಿ ಬರೆದಿದ್ದ ಹೆಸರು ಸ್ಟೋರ್. ಅಂದರೆ ಉಗ್ರಾಣ. ಅಕ್ಕಿ ಮೂಟೆ ಇಡುವ ಸ್ಥಳ. ಕಟ್ಟಿದ ಮಹಾಶಯನನ್ನು ಕೇಳಿದ್ದಕ್ಕೆ ಅವನು ನಕ್ಕು, "ನೀವು ಅದರಲ್ಲಿ ಮಲಗಿದರೆ ಅದೇ ಬೆಡ್‌ರೂಮು" ಎಂದನಂತೆ.

ಈ ಮಾತು ಕೇಳಿ ನಮಗೆ ಸಿಟ್ಟು ಬಂತು. ಆದರೆ ಕಾಯಿದೆ ಪುಸ್ತಕಗಳನ್ನು ತಿರುವಿ ಹಾಕಿದ ಮೇಲೆ ಗೊತ್ತಾದದ್ದು ಬೇರೆ. ಆ ಮಹಾಶಯ ಸ್ವಂತ ಬುದ್ಧಿ ಓಡಿಸಿ ಆ ಮಾತನ್ನು ಆಡಿದ್ದಲ್ಲ. ದುಡಿಯುವ ಜನಕ್ಕೆ ಈ ದೇಶದ ಆಳುವವರು ಬಹುಕಾಲದಿಂದ ಹೇಳಿಕೊಂಡು ಬಂದಿರುವುದೂ ಅದನ್ನೇ. ನೀನು ಎಲ್ಲಿ ಮಲಗುತ್ತೀಯೋ ಅದೇ ನಿನ್ನ ಮಲಗುವ ಕೋಣೆ.

ಜನಗಣತಿಯಿಂದಲೇ ಆರಂಭಿಸೋಣ. 2011ರಲ್ಲಿ ಮನೆಮನೆಗೆ ಬಂದು ಎಷ್ಟು ಕೋಣೆಗಳೆಂದು ಕೇಳಿ ಬರೆದುಕೊಂಡರಲ್ಲ, ಆ ಗಣತಿದಾರರ ಕೈಯಲ್ಲಿ ಕೋಣೆಯೆಂದರೇನು ಎಂಬುದಕ್ಕೆ ಒಂದು ವ್ಯಾಖ್ಯೆಯಿತ್ತು. ನಾಲ್ಕು ಗೋಡೆ, ಒಂದು ಬಾಗಿಲು, ಮೇಲೊಂದು ಮಾಡು. ಒಬ್ಬ ಮನುಷ್ಯ ಮಲಗುವಷ್ಟು ಉದ್ದಗಲ. ಅಂದರೆ ಉದ್ದ 2 ಮೀಟರಿಗೆ ಕಡಮೆಯಿಲ್ಲದೆ, ಅಗಲ 1.5 ಮೀಟರಿಗೆ ಕಡಮೆಯಿಲ್ಲದೆ, ಎತ್ತರ 2 ಮೀಟರು. ಗುಣಿಸಿ ನೋಡಿ. 3 ಚದರ ಮೀಟರು, ನಮ್ಮ ಹಳೆಯ ಲೆಕ್ಕದಲ್ಲಿ 32 ಚದರ ಅಡಿ. ಈ ಅಳತೆಯಲ್ಲಿ ಕಿಟಕಿಯ ಮಾತಿಲ್ಲ. ಅಡಿಗೆ, ಊಟ, ನಿದ್ದೆ, ಸಾಮಾನು ಎಲ್ಲವೂ ಅದರಲ್ಲೇ ಆದರೂ ಅದು ಒಂದು ಕೋಣೆಯೇ. ಇಷ್ಟು ಉದಾರವಾದ ಅಳತೆಗೋಲು ಹಿಡಿದು ಎಣಿಸಿದರೂ ದೇಶದ ನೂರು ಕುಟುಂಬಗಳಲ್ಲಿ 37 ಕುಟುಂಬಗಳು ಒಂದೇ ಕೋಣೆಯಲ್ಲಿದ್ದವು. ಸುಮಾರು ನಾಲ್ಕು ಕುಟುಂಬಗಳಿಗೆ ತಮ್ಮದೆಂದು ಹೇಳಿಕೊಳ್ಳಲು ಒಂದು ಕೋಣೆಯೂ ಇರಲಿಲ್ಲ.

ಇನ್ನು ಕಟ್ಟಡ ಕಟ್ಟುವ ನಿಯಮ. ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬುದೊಂದು ಇದೆ. ಮೊದಲು 1970ರಲ್ಲಿ ಪ್ರಕಟವಾಯಿತು, ಆಮೇಲೆ ಹಲವು ಸಲ ತಿದ್ದುಪಡಿಯಾಯಿತು. ಅದರಲ್ಲಿ ಮಲಗುವ ಕೋಣೆಗೆಂದು ಪ್ರತ್ಯೇಕ ಅಳತೆಯಿಲ್ಲ. ಇರುವುದು 'ವಾಸಯೋಗ್ಯ ಕೋಣೆ' ಎಂಬ ಮಾತು. ಕೂರಲು, ಓದಲು, ಉಣ್ಣಲು, ಮಲಗಲು ಆಗುವ ಕೋಣೆ ಅದು. ಬಚ್ಚಲು, ಕಕ್ಕಸು, ಉಗ್ರಾಣ, ಓಣಿ, ನೆಲಮಾಳಿಗೆ, ಅಟ್ಟ ಇವು ಅದರಲ್ಲಿ ಸೇರುವುದಿಲ್ಲ. 2005ರ ಆವೃತ್ತಿಯ ಪ್ರಕಾರ ಮನೆಯಲ್ಲಿ ಒಂದೇ ಕೋಣೆಯಿದ್ದರೆ ಅದು 9.5 ಚದರ ಮೀಟರಿಗೆ ಕಡಮೆಯಿರಕೂಡದು, ಅಗಲ 2.4 ಮೀಟರು. ಎರಡು ಕೋಣೆಯಿದ್ದರೆ ಒಂದು 9.5, ಇನ್ನೊಂದು 7.5, ಅಗಲ 2.1 ಮೀಟರು. ಎತ್ತರ 2.75 ಮೀಟರು, ಅಂದರೆ ಒಂಬತ್ತು ಅಡಿ. ಹೊರಗಿನ ಗಾಳಿಗೆ ತೆರೆಯುವ ಕಿಟಕಿ ಒಣಸೆಕೆಯ ಸೀಮೆಯಲ್ಲಿ ನೆಲದ ಹತ್ತನೆಯ ಒಂದು ಭಾಗ, ಕರಾವಳಿಯಂಥ ಬೆವರಿನ ಸೀಮೆಯಲ್ಲಿ ಆರನೆಯ ಒಂದು ಭಾಗ.

ನಮ್ಮ ವಠಾರಗಳಲ್ಲಿ ಹತ್ತು ಅಡಿಗೆ ಹತ್ತು ಅಡಿಯ ಕೋಣೆಯೆಂದರೆ ಒಳ್ಳೆಯ ಕೋಣೆಯೆಂದೇ ಹೆಸರು. ಸಂಹಿತೆಯ 9.5 ಚದರ ಮೀಟರನ್ನು ಅಡಿಗೆ ತಿರುಗಿಸಿದರೆ 102 ಚದರ ಅಡಿ ಆಗುತ್ತದೆ. ಹತ್ತಕ್ಕೆ ಹತ್ತು ಎಂದರೆ ನೂರು. ನಮ್ಮ ಒಳ್ಳೆಯ ಕೋಣೆಯೂ ಎರಡು ಅಡಿ ಸಾಲದೆ ನಪಾಸಾಗುತ್ತದೆ! ಅದೂ ಅಲ್ಲದೆ ಈ ಸಂಹಿತೆ ಒಂದು ಶಿಫಾರಸು ಮಾತ್ರ. ರಾಜ್ಯವೋ ಪುರಸಭೆಯೋ ಅದನ್ನು ತನ್ನ ಉಪವಿಧಿಯಾಗಿ ಒಪ್ಪಿಕೊಂಡರೆ ಮಾತ್ರ ಅದಕ್ಕೆ ಹಲ್ಲು ಬರುತ್ತದೆ. ಇನ್ನೊಂದು ಸ್ವಾರಸ್ಯವುಂಟು. ಕಡಮೆ ಆದಾಯದವರ ಮನೆಗಳಿಗೆಂದು ಅದೇ ಸಂಹಿತೆಯಲ್ಲಿ ಬೇರೊಂದು ಅನುಬಂಧ. ಅಲ್ಲಿ ಎರಡು ಕೋಣೆಯ ಮನೆಯಲ್ಲಿ ಮೊದಲನೆಯದು 9, ಎರಡನೆಯದು 6.5 ಚದರ ಮೀಟರು ಸಾಕು. ಬಡವನ ಸಂಬಳ ಚಿಕ್ಕದೆಂಬುದು ನಮಗೂ ಗೊತ್ತು. ಅವನ ಕೈಕಾಲೂ ಚಿಕ್ಕವೆಂಬುದು ಸಂಹಿತೆ ಬರೆದ ಪಂಡಿತರಿಗೆ ಮಾತ್ರ ಗೊತ್ತಿದ್ದ ಗುಟ್ಟು.

ಆದರೂ ಅಳತೆಯ ಜಗಳ ದೊಡ್ಡ ಜಗಳವಲ್ಲ. ದೊಡ್ಡದು ಇದು: ಸಂಹಿತೆ ಗೋಡೆಯನ್ನು ಅಳೆಯಿತು, ಎತ್ತರವನ್ನು ಅಳೆಯಿತು, ಕಿಟಕಿಯನ್ನು ಅಳೆಯಿತು, ಆ 9.5 ಚದರ ಮೀಟರಿನಲ್ಲಿ ಎಷ್ಟು ಜನ ಮಲಗಬೇಕು ಎಂದು ಆ ಅಳತೆಯ ಪಕ್ಕದಲ್ಲಿ ಬರೆಯಲಿಲ್ಲ. ಒಬ್ಬ ಮಲಗಿದರೂ ವಾಸಯೋಗ್ಯ, ಒಂಬತ್ತು ಜನ ಮಲಗಿದರೂ ವಾಸಯೋಗ್ಯ.

ತಲೆ ಎಣಿಸುವುದು ಕಾಯಿದೆಗೆ ಬಾರದ ವಿದ್ಯೆಯೇ? ಹಾಗೇನಿಲ್ಲ. ಗಿರಣಿಯಲ್ಲಿ ಎಣಿಸಿತು. 1948ರ ಕಾರ್ಖಾನೆ ಕಾಯಿದೆಯ 16ನೆಯ ಕಲಮಿನ ಪ್ರಕಾರ ಹೊಸ ಕಾರ್ಖಾನೆಯಲ್ಲಿ ಪ್ರತಿ ಕೆಲಸಗಾರನಿಗೆ 14.2 ಘನ ಮೀಟರು ಜಾಗ ಇರಬೇಕಾಗಿತ್ತು. ಕಾಯಿದೆ ಬರುವ ಮೊದಲೇ ಇದ್ದ ಹಳೆಯ ಗಿರಣಿಗಳಲ್ಲಿ 9.9 ಘನ ಮೀಟರು. ಮಾಲಿಕ ಬುದ್ಧಿವಂತಿಕೆ ಮಾಡಿ ಮಾಡನ್ನು ಎತ್ತರಿಸಿ ಲೆಕ್ಕ ತುಂಬಿಸಬಾರದೆಂದು, ನೆಲದಿಂದ 4.2 ಮೀಟರಿನ ಮೇಲಿನ ಜಾಗ ಲೆಕ್ಕಕ್ಕಿಲ್ಲ ಎಂದೂ ಬರೆದರು. ಈಗ ನಮ್ಮ ವಾಸಯೋಗ್ಯ ಕೋಣೆಗೆ ಬನ್ನಿ. 9.5 ಚದರ ಮೀಟರು ನೆಲ, 2.75 ಎತ್ತರ, ಗುಣಿಸಿದರೆ 26 ಘನ ಮೀಟರು. ಹೊಸ ಕಾರ್ಖಾನೆಯ ಅಳತೆಯಲ್ಲಿ ಈ ಕೋಣೆಯೊಳಗೆ ಇಬ್ಬರನ್ನು ಕೂರಿಸಿ ಕೆಲಸ ಮಾಡಿಸಿದ್ದರೂ ಮಾಲಿಕ ತಪ್ಪಿತಸ್ಥನಾಗುತ್ತಿದ್ದ. ಗಂಡ, ಹೆಂಡತಿ, ಮುದಿ ತಾಯಿ, ಮೂರು ಮಕ್ಕಳು, ಹೀಗೆ ಆರು ಜನ ಅಲ್ಲಿ ರಾತ್ರಿಯಿಡೀ ಉಸಿರಾಡಿದರೆ ಯಾರೂ ತಪ್ಪಿತಸ್ಥರಲ್ಲ. ತಲೆಗೆ ನಾಲ್ಕೂ ಚಿಲ್ಲರೆ ಘನ ಮೀಟರು. ಹಗಲು ದುಡಿಯುವಾಗ ಬೇಕಾದ ಗಾಳಿಯ ಮೂರನೆಯ ಒಂದು ಭಾಗ ರಾತ್ರಿ ಮಲಗಿದಾಗ ಸಾಕು ಎಂದಂತಾಯಿತು.

(ಆ ಕಾಯಿದೆಯ ಜಾಗಕ್ಕೆ 2020ರ ಸಂಹಿತೆ ಬಂದು, 2025ರ ನವೆಂಬರಿನಲ್ಲಿ ಜಾರಿಗೊಂಡಿದೆ. ಹೊಸ ನಿಯಮಗಳಲ್ಲಿ ಈ ಅಂಕಿಗಳ ಗತಿ ಏನಾಗುತ್ತದೆ ಎಂಬುದರ ಮೇಲೆ ಸಂಘಗಳು ಕಣ್ಣಿಟ್ಟಿರುವುದು ಒಳ್ಳೆಯದು. ಅದು ಬೇರೆ ಲೇಖನದ ವಿಷಯ.)

ಜೈಲಿನಲ್ಲೂ ಎಣಿಸುತ್ತಾರೆ. ಕೇಂದ್ರ ಸರ್ಕಾರದ 2016ರ ಮಾದರಿ ಬಂದೀಖಾನೆ ಕೈಪಿಡಿಯಂತೆ ಬರಾಕಿನಲ್ಲಿ ಮಲಗುವ ಪ್ರತಿ ಕೈದಿಗೆ 3.71 ಚದರ ಮೀಟರು ನೆಲ, 15.83 ಘನ ಮೀಟರು ಗಾಳಿ. ಗಣತಿಯವರು ಒಂದು ಇಡೀ ಕೋಣೆಯೆಂದು ಬರೆದುಕೊಳ್ಳಲು ಸಾಕಾದ 3 ಚದರ ಮೀಟರಿಗಿಂತ ಒಬ್ಬ ಕೈದಿಯ ಪಾಲು ದೊಡ್ಡದು. ನಮ್ಮ ಜೈಲುಗಳಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿದ್ದಾರೆ, ಈ ಅಳತೆ ಕಾಗದದ ಮೇಲಿದೆ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಕಾಗದದ ಮೇಲಾದರೂ ಇದೆ! ಕೈದಿಯ ವಕೀಲನೊಬ್ಬ ಆ ಕಾಗದ ಹಿಡಿದು ನ್ಯಾಯಾಧೀಶರ ಎದುರು ನಿಲ್ಲಬಹುದು. ವಠಾರದ ಬಾಡಿಗೆದಾರ ಯಾವ ಕಾಗದ ಹಿಡಿದು ನಿಲ್ಲಬೇಕು?

ಇನ್ನೂ ಒಂದು ಕಡೆ ಎಣಿಸುತ್ತಾರೆ. ಅದೇ ಕಟ್ಟಡ ಸಂಹಿತೆಯಲ್ಲಿ, ಬೆಂಕಿಯ ಅಧ್ಯಾಯದಲ್ಲಿ. ಬೆಂಕಿ ಬಿದ್ದಾಗ ಎಷ್ಟು ಜನ ಓಡಬೇಕಾದೀತು, ಮೆಟ್ಟಿಲು ಎಷ್ಟು ಅಗಲ ಬೇಕು ಎಂದು ಲೆಕ್ಕ ಹಾಕಲು ವಾಸದ ಕಟ್ಟಡಗಳಲ್ಲಿ 12.5 ಚದರ ಮೀಟರಿಗೆ ಒಬ್ಬ ಮನುಷ್ಯ ಎಂದು ಹಿಡಿದಿದ್ದಾರೆ. ಈ ಲೆಕ್ಕದಲ್ಲಿ ನಮ್ಮ ಹತ್ತಕ್ಕೆ ಹತ್ತರ ಕೋಣೆಗೆ ಮುಕ್ಕಾಲು ಮನುಷ್ಯ. ಉಳಿದ ಐದೂಕಾಲು ಜನ ಮೆಟ್ಟಿಲಿಳಿಯುವುದು ಹೇಗೆಂದು ದೇವರೇ ಬಲ್ಲ.

ಗಿರಣಿಯಲ್ಲಿ ತಲೆ ಎಣಿಸಿದ್ದು ದಯೆಯಿಂದಲ್ಲ ಎಂಬುದು ನಮ್ಮ ವಾಚಕರಿಗೆ ಹೇಳಬೇಕಾದದ್ದಲ್ಲ. ಕೆಲಸಗಾರರು ಕೂಡಿ ನಿಂತರು, ಮುಷ್ಕರ ಹೂಡಿದರು. ಮೂರ್ಛೆ ಹೋದವನನ್ನು ಯಾರು ಹೊರಗೆ ಹೊತ್ತು ತಂದರು, ಯಾರು ಹೊಣೆ ಎಂಬ ಪ್ರಶ್ನೆಗೆ ಒಂದು ಹೆಸರು ಇತ್ತು, ಮಾಲಿಕ. ಮನೆಯಲ್ಲಿ ಹಾಗೆ ಬೊಟ್ಟು ಮಾಡಿ ತೋರಿಸಲು ಹೆಸರಿಲ್ಲ. ಮಗು ಕೆಮ್ಮಿದರೆ ಹವೆ ಸರಿಯಿಲ್ಲ, ಅಜ್ಜಿಗೆ ಕ್ಷಯ ಬಂದರೆ ಹಣೆಬರಹ. ಮುಂಬಯಿಯ ಚಾಳುಗಳಲ್ಲಿ ಖೋಲಿ ಹಿಡಿದು ಬದುಕಿದ ನಮ್ಮ ಕಡೆಯ ಎಷ್ಟೋ ಜನಕ್ಕೆ ಇದು ಗೊತ್ತು. ಅಲ್ಲಿ ಸರ್ಕಾರವೇ 1920ರ ದಶಕದಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳ ಖೋಲಿ 160 ಚದರ ಅಡಿ. ಒಂದು ಖೋಲಿಯಲ್ಲಿ ಒಂದು ಸಂಸಾರ, ಊರಿಂದ ಬಂದ ಅಣ್ಣನ ಮಗ, ಅವನ ಗೆಳೆಯ. ಹಗಲುಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ರಾತ್ರಿಪಾಳಿಯವನು ಬಂದು ಮಲಗುವುದು. ನಮ್ಮ ಊರಿನಲ್ಲೂ ಮೂರು ಪಾಳಿ ನಡೆದಾಗ ನಡೆದದ್ದು ಅದೇ. ರಾತ್ರಿಪಾಳಿ ಮುಗಿಸಿ ಬಂದವನಿಗೆ ಹಗಲಿನಲ್ಲಿ ಕತ್ತಲೆಯೂ ನಿಶ್ಶಬ್ದವೂ ಬೇಕು. ಒಂದೇ ಕೋಣೆಯ ಮನೆಯಲ್ಲಿ ಅವನು ಮಲಗಿದ ಹೊತ್ತಿಗೆ ಹೆಂಡತಿ ಒಲೆ ಹಚ್ಚಬಾರದು, ಮಕ್ಕಳು ಪಾಠ ಓದಬಾರದು, ಮುದುಕಿ ಕೆಮ್ಮಬಾರದು. ಕಣ್ಣುರಿ ಹೊತ್ತು ಮತ್ತೆ ಪಾಳಿಗೆ ಹೋಗಿ ಯಂತ್ರಕ್ಕೆ ಬೆರಳು ಕೊಟ್ಟರೆ ಅದಕ್ಕೆ ಅಜಾಗರೂಕತೆ ಎಂದು ವರದಿ ಬರೆಯುತ್ತಾರೆ.

ಮನೆಯೊಳಗೆ ತಲೆ ಎಣಿಸಿದ ದೇಶವೇ ಇಲ್ಲವೇ ಎಂದರೆ, ಉಂಟು. ಇಂಗ್ಲೆಂಡು. ಅಲ್ಲಿನ 1935ರ ವಸತಿ ಕಾಯಿದೆಯಿಂದ ಬಂದು 1985ರ ಕಾಯಿದೆಯಲ್ಲಿ ಉಳಿದ ಅಳತೆಯಂತೆ 110 ಚದರ ಅಡಿಯ ಕೋಣೆಗೆ ಇಬ್ಬರು, 90ರಿಂದ 110ಕ್ಕೆ ಒಂದೂವರೆ, 70ರಿಂದ 90ಕ್ಕೆ ಒಬ್ಬ, 50ರಿಂದ 70ಕ್ಕೆ ಅರ್ಧ ಮನುಷ್ಯ, ಅಂದರೆ ಒಂದು ಮಗು. ಐವತ್ತಕ್ಕಿಂತ ಕಡಮೆಯಾದರೆ ಅದು ಕೋಣೆಯೆಂದೇ ಲೆಕ್ಕಕ್ಕಿಲ್ಲ. ಹತ್ತು ವರ್ಷ ದಾಟಿದ ಗಂಡುಹೆಣ್ಣುಗಳು, ದಂಪತಿಗಳಲ್ಲದವರು, ಒಂದೇ ಕೋಣೆಯಲ್ಲಿ ಮಲಗಬೇಕಾಗಿ ಬಂದರೂ ಅದು ದಟ್ಟಣೆಯೇ. ಕೇಳಲು ಚೆನ್ನಾಗಿದೆ. ನಮ್ಮಲ್ಲಿನ ಕೆಲವು ಸುಧಾರಕರು ಇದನ್ನು ನೋಡಿ ಬಾಯಿ ಚಪ್ಪರಿಸುತ್ತಾರೆ.

ಆದರೆ ಅಲ್ಲಿನ ಆಳುವವರೂ ಆಳುವವರೇ. ದಟ್ಟಣೆಯೆಂದು ದೂರು ಹೇಳಿಕೊಂಡು ಬಂದವನ ಮನೆಯಲ್ಲಿ ಕೂರುವ ಕೋಣೆಯನ್ನೂ ಮಲಗಲು ಆಗುವ ಕೋಣೆಯೆಂದೇ ಆ ಕಾಯಿದೆ ಎಣಿಸುತ್ತದೆ; ದಟ್ಟಣೆ ಕಾಗದದ ಮೇಲೆ ಕರಗುತ್ತದೆ. 2013ರ ಏಪ್ರಿಲ್ 1ರಿಂದ ಇನ್ನೊಂದು ಬಂತು. ಸರ್ಕಾರಿ ಅಥವಾ ವಸತಿ ಸಂಘದ ಮನೆಯಲ್ಲಿದ್ದು ಬಾಡಿಗೆಗೆ ಸಹಾಯಧನ ಪಡೆಯುವ, ದುಡಿಯುವ ವಯಸ್ಸಿನ ಬಡವರ ಮನೆಯಲ್ಲಿ ಒಂದು ಬೆಡ್‌ರೂಮು ಹೆಚ್ಚಾಗಿದ್ದರೆ, ಸಹಾಯಕ್ಕೆ ಲೆಕ್ಕ ಹಿಡಿಯುವ ಬಾಡಿಗೆಯಲ್ಲಿ ನೂರಕ್ಕೆ 14 ಕಡಿತ. ಎರಡು ಹೆಚ್ಚಾಗಿದ್ದರೆ 25. ಜನ ಇದಕ್ಕೆ ಇಟ್ಟ ಹೆಸರು ಬೆಡ್‌ರೂಮು ತೆರಿಗೆ. ಬೆಡ್‌ರೂಮೆಂದರೇನು ಎಂದು ಮಾತ್ರ ಆ ನಿಯಮದಲ್ಲಿ ಬರೆಯಲಿಲ್ಲ! ಮಂಚ ಹಿಡಿಯದ ಗೂಡುಕೋಣೆಯೂ ಕಡಿತದ ಲೆಕ್ಕಕ್ಕೆ ಬೆಡ್‌ರೂಮಾಯಿತು. ಬಾಡಿಗೆದಾರರು ಹಳೆಯ 70 ಚದರ ಅಡಿಯ ಅಳತೆ ಹಿಡಿದು ವಾದಿಸಿದರು. 2014ರಲ್ಲಿ ಮೇಲಿನ ನ್ಯಾಯಮಂಡಲಿ ಫೈಫ್ ಕೌನ್ಸಿಲಿನ ಪ್ರಕರಣಗಳಲ್ಲಿ ತೀರ್ಪು ಕೊಡುತ್ತ, ದಟ್ಟಣೆಯ ಆ ಅಳತೆಯನ್ನು ಇಲ್ಲಿ ನೇರವಾಗಿ ಹೊಂದಿಸಲಾಗದು; ಕೋಣೆಯ ಗಾತ್ರ, ಆಕಾರ, ಒಳಹೋಗುವ ದಾರಿ, ಬೆಳಕು, ಗಾಳಿ, ಮರೆ ಇವನ್ನೆಲ್ಲ ನೋಡಿ ಪ್ರತಿ ಪ್ರಕರಣದಲ್ಲೂ ಬೇರೆ ಬೇರೆಯಾಗಿ ತೀರ್ಮಾನಿಸಬೇಕು ಎಂದಿತು. ಅಂಗವಿಕಲತೆಯಿಂದಾಗಿ ಗಂಡಹೆಂಡಿರು ಒಂದೇ ಕೋಣೆಯಲ್ಲಿ ಮಲಗಲಾಗದ ಸಂಸಾರವೊಂದು ತಮಗೆ ಎರಡನೆಯ ಕೋಣೆ ಅಗತ್ಯವೆಂದು ಸಾಧಿಸಲು ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2016ರಲ್ಲಿ ಗೆಲ್ಲಬೇಕಾಯಿತು. ಒಂದೇ ದೇಶ, ಜಾಗ ಕೊಡಬೇಕಾದಾಗ ಪಡಸಾಲೆಯೂ ಬೆಡ್‌ರೂಮು, ಹಣ ಕಡಿಯಬೇಕಾದಾಗ ಗೂಡೂ ಬೆಡ್‌ರೂಮು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಅಳತೆ ಬೇಕೆಂದು ನಾವು ಕೂಗಿದರೆ ನಮ್ಮ ಸಂಗಾತಿಗಳಲ್ಲೇ ಕೆಲವರು ಹೆದರುತ್ತಾರೆ. ಅವರ ಹೆದರಿಕೆ ಹುಸಿಯಲ್ಲ. ಇಷ್ಟಡಿಗೆ ಕಡಮೆಯಾದರೆ ಕೋಣೆಯಲ್ಲ, ಇಷ್ಟು ಜನಕ್ಕಿಂತ ಹೆಚ್ಚಾದರೆ ಅಪರಾಧ ಎಂದು ಬರೆದರೆ, ಮಾರನೆಯ ದಿನ ಪುರಸಭೆಯ ಜಮಾದಾರ ಬಂದು ಗುಡಿಸಲಿನ ತಡಿಕೆ ಕಿತ್ತುಹಾಕುತ್ತಾನೆ. ನಡೆದು ಬಂದದ್ದೂ ಹೀಗೆಯೇ. ಕೇಂದ್ರದ 1956ರ ಕೊಳಚೆ ಪ್ರದೇಶ ಕಾಯಿದೆ ದಟ್ಟಣೆಯನ್ನೂ ಗಾಳಿಬೆಳಕಿನ ಕೊರತೆಯನ್ನೂ ಹೆಸರಿಸಿತು. ಯಾವುದಕ್ಕೆ? ಒಂದು ಪ್ರದೇಶವನ್ನು ಕೊಳಚೆಯೆಂದು ಘೋಷಿಸುವುದಕ್ಕೆ. ದಟ್ಟಣೆಯೆಂಬ ಮಾತು ಬಡವನ ಪರವಾಗಿ ಹಕ್ಕಾಗಿ ಬರದೆ ಬಡವನ ಮೇಲೆ ಆರೋಪವಾಗಿ ಬಂತು.

ಆದ್ದರಿಂದ ನಾವು ಕೇಳುವ ಅಳತೆ ಒಳಗೆ ಮಲಗಿದವನನ್ನು ಕಟ್ಟುವ ಅಳತೆಯಲ್ಲ. ಕಟ್ಟಿ ಮಾರುವವನನ್ನು, ಬಾಡಿಗೆ ಎತ್ತುವವನನ್ನು, ಮನೆ ಹಂಚುವ ಸರ್ಕಾರವನ್ನು ಕಟ್ಟುವ ಅಳತೆ. ದಟ್ಟಣೆಯಿದೆಯೆಂದು ಸಾಬೀತಾದರೆ ಬಾಡಿಗೆದಾರನಿಗೆ ನೋಟೀಸು ಹೋಗಕೂಡದು. ದೊಡ್ಡ ಮನೆಯ ಸರದಿಯಲ್ಲಿ ಅವನ ಹೆಸರು ಮೇಲೇರಬೇಕು.

ಸರ್ಕಾರಕ್ಕೆ ಈ ಲೆಕ್ಕ ಗೊತ್ತಿಲ್ಲವೆಂದಲ್ಲ. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ತಂಡವೊಂದು ನಗರಗಳ ಮನೆಯ ಕೊರತೆಯನ್ನು ಅಂದಾಜು ಮಾಡಿ 1 ಕೋಟಿ 88 ಲಕ್ಷ ಎಂದಿತು. ಇದರಲ್ಲಿ ಸುಮಾರು 1 ಕೋಟಿ 50 ಲಕ್ಷ ಯಾರದು ಗೊತ್ತೇ? ಬೀದಿಯಲ್ಲಿರುವವರದಲ್ಲ. ಮನೆಯಿದ್ದೂ ಅದು ಕಿಕ್ಕಿರಿದು, ಮದುವೆಯಾದ ದಂಪತಿಗೆ ಪ್ರತ್ಯೇಕ ಕೋಣೆಯಿಲ್ಲದ ಸಂಸಾರಗಳದು. ಮಲಗುವ ಕೋಣೆಯೆಂದರೆ ದಂಪತಿಗೊಂದು ಬಾಗಿಲು ಎಂದು ಕೊರತೆ ಎಣಿಸುವಾಗ ಸರ್ಕಾರಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ಮನೆ ಕಟ್ಟಿಕೊಡುವಾಗ ಮರೆಯುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡಿಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರು ಎಂದು ಗೊತ್ತುಮಾಡಿದರು. ನಗರದ ಅತಿ ಬಡವರ ಮನೆಗೆ 30 ಚದರ ಮೀಟರಿನವರೆಗೆ. ಅನ್ಯಾಯದ ಮಾತು ಆಡಬಾರದು: ಮೂವತ್ತರಲ್ಲಿ ಎರಡು ಸಣ್ಣ ಕೋಣೆ, ಅಡಿಗೆಮನೆ, ಬಚ್ಚಲು ಹಿಡಿಸಬಹುದು, ಗುಡಿಸಲಿಗಿಂತ ಅದು ಎಷ್ಟೋ ಮೇಲು. ಆದರೆ ಮೂರು ಜನಕ್ಕೂ ಮೂವತ್ತು, ಎಂಟು ಜನಕ್ಕೂ ಮೂವತ್ತು. ಪಡಿತರ ಚೀಟಿಯಲ್ಲಿ ತಲೆಗಿಷ್ಟು ಎಂದು ಅಕ್ಕಿ ತೂಗಲು ಬರುವ ಸರ್ಕಾರಕ್ಕೆ ನೆಲ ಅಳೆಯುವಾಗ ತಲೆ ಕಾಣದೇ ಹೋಗುವುದು ಹೇಗೆ?

ಇದಕ್ಕೆ ನಮ್ಮ ಊರಿನ ದೊಡ್ಡ ಮನುಷ್ಯರ ಬಳಿ ಸಿದ್ಧ ಉತ್ತರವೊಂದಿದೆ. ನಮ್ಮ ಅಜ್ಜ ಮುತ್ತಜ್ಜರಿಗೆ ಬೆಡ್‌ರೂಮು ಇತ್ತೇನ್ರೀ, ಎಲ್ಲರೂ ಒಂದೇ ಕಡೆ ಚಾಪೆ ಹಾಸಿ ಮಲಗಲಿಲ್ಲವೇ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸ್ವಾಮಿ, ನಿಮ್ಮ ಅಜ್ಜನ ಮನೆ ಎಷ್ಟು ಅಂಕಣದ್ದು? ಮುಂದೆ ಜಗಲಿ, ಒಳಗೆ ಪಡಸಾಲೆ, ನಡುಮನೆ, ಹಿಂದೆ ಹಿತ್ತಿಲು, ಬೇಸಗೆಯಲ್ಲಿ ಅಂಗಳ, ಸುಗ್ಗಿಯಲ್ಲಿ ಕಣ. ಮುದುಕರು ಜಗಲಿಯಲ್ಲಿ, ಗಂಡುಹುಡುಗರು ಪಡಸಾಲೆಯಲ್ಲಿ, ಹೆಂಗಸರು ನಡುಮನೆಯಲ್ಲಿ. ಬೆಡ್‌ರೂಮು ಎಂಬ ಹೆಸರಿರಲಿಲ್ಲ, ಜಾಗವಿತ್ತು. ಅಂಥ ಮನೆಯಿಲ್ಲದ ಕೂಲಿಕಾರನ ಅಜ್ಜ ಆಗಲೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ. ಆ ಅಜ್ಜನನ್ನು ಇವರು ಜ್ಞಾಪಿಸಿಕೊಳ್ಳುವುದಿಲ್ಲ. ಈಗ ವಠಾರದ ಕೋಣೆಯ ಬಾಗಿಲು ತೆರೆದರೆ ಚರಂಡಿ. ಹೊಸ ಸೊಸೆ ಬಂದ ಮನೆಯಲ್ಲಿ ಮಾವ ರಾತ್ರಿ ಹನ್ನೊಂದರವರೆಗೆ ಚಹದ ಅಂಗಡಿಯ ಮುಂದೆ ಕೂತಿರುವುದನ್ನು ನಾವು ದಿನಾ ನೋಡುತ್ತೇವೆ. ಅವನಿಗೆ ಚಹದ ಮೇಲೆ ಪ್ರೀತಿಯಿಲ್ಲ. ಆ ಸೊಸೆಯನ್ನು ಯಾರೂ ಏನೂ ಕೇಳಿಲ್ಲ, ಅವಳು ಹೇಳಿಯೂ ಇಲ್ಲ; ಬಟ್ಟೆ ಬದಲಾಯಿಸಲು ಬಚ್ಚಲಿಗೆ ಹೋಗುತ್ತಾಳೆ, ಆ ಬಚ್ಚಲೂ ನಾಲ್ಕು ಮನೆಗೆ ಒಂದು.

ಇದು ಗಿರಣಿಯವರ ಪಾಡು ಮಾತ್ರವೆಂದು ಅಂಗಡಿಯ ಬಂಧುಗಳು ಎಣಿಸದಿರಲಿ. ಪೇಟೆಯ ಕಿರಾಣಿ ಅಂಗಡಿಗಳ ಮೇಲೆ ಏಣಿ ಹಾಕಿ ಹತ್ತುವ ಅಟ್ಟಗಳಿವೆಯಲ್ಲ, ಕೆಲಸದ ಹುಡುಗನೂ ಎಷ್ಟೋ ಕಡೆ ಮಾಲಿಕನ ಮಗನೂ ಮಲಗುವುದು ಅಲ್ಲೇ. ಸಂಹಿತೆಯ ಮಾತಿನಲ್ಲಿ ಅಟ್ಟದ ಎತ್ತರ ಹೆಚ್ಚೆಂದರೆ 1.5 ಮೀಟರು, ಅದು ಸಾಮಾನಿಗೆ. ಮನುಷ್ಯ ವಾಸಿಸಬೇಕಾದರೆ ಅದು ನಡುಮಾಳಿಗೆಯಾಗಬೇಕು, ಎತ್ತರ 2.2 ಮೀಟರಿಗೆ, ನೆಲ 9.5 ಚದರ ಮೀಟರಿಗೆ ಕಡಮೆಯಿರಕೂಡದು. ಆದರೆ ಅಂಗಡಿಗೆ ಕೊಡುವ ಬಾಡಿಗೆಯಲ್ಲಿ ಅಟ್ಟವೂ ಸೇರಿದೆ. ಕಟ್ಟಡದ ಧಣಿ ಬಾಡಿಗೆ ಹೇಳುವಾಗ ಅದು ಕೋಣೆ. ನಾಳೆ ಬೆಂಕಿ ಬಿದ್ದು ವಿಚಾರಣೆ ನಡೆದರೆ, ಅಟ್ಟದಲ್ಲಿ ಮಲಗಲು ಯಾರು ಹೇಳಿದ್ದರು ಎನ್ನುತ್ತಾನೆ.

ಈಗ ಆಗಬೇಕಾದದ್ದೇನು? ಮೊದಲನೆಯದು, ಮಾರಾಟದ ಮಾತಿಗೆ ಮೂಗುದಾರ. 2016ರ ರಿಯಲ್ ಎಸ್ಟೇಟ್ ಕಾಯಿದೆ, ರೇರಾ ಎಂದು ಎಲ್ಲರೂ ಕರೆಯುವಂಥದ್ದು, ಕಾರ್ಪೆಟ್ ಏರಿಯಾ ಎಂದರೇನು ಎಂದು ಗೆರೆ ಎಳೆದು ಬರೆಯಿತು: ಹೊರಗೋಡೆ, ಕೊಳವೆಗಳ ಕಂಡಿ, ಬಾಲ್ಕನಿ, ತೆರೆದ ತಾರಸಿ ಇವನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ, ಬಳಸಲು ಸಿಗುವ ನೆಲ. ಇದರಿಂದ ಚದರಡಿಯ ಮೋಸಕ್ಕೆ ಸ್ವಲ್ಪ ಕಡಿವಾಣ ಬಿತ್ತು. ಆದರೆ ಬೆಡ್‌ರೂಮೆಂದರೇನು ಎಂದು ಆ ಕಾಯಿದೆಯೂ ಬರೆಯಲಿಲ್ಲ. ಮಂಜೂರಾದ ನಕ್ಷೆಯಲ್ಲಿ ವಾಸಯೋಗ್ಯ ಕೋಣೆಯೆಂದು ಒಪ್ಪಿಗೆ ಪಡೆಯದ ಯಾವ ಜಾಗವನ್ನೂ ಕರಪತ್ರದಲ್ಲಿ, ಫಲಕದಲ್ಲಿ, ಕರಾರಿನಲ್ಲಿ ಬೆಡ್‌ರೂಮು ಎಂದು ಕರೆಯಕೂಡದು ಎಂಬ ಒಂದು ಸಾಲು ರಾಜ್ಯದ ನಿಯಮಗಳಿಗೆ ಸೇರಬೇಕು. ಎರಡನೆಯದು, ಸರ್ಕಾರ ಕಟ್ಟುವ ಮತ್ತು ಸಹಾಯಧನ ಕೊಡುವ ಪ್ರತಿ ಮನೆಗೂ ತಲೆಯ ಲೆಕ್ಕ: ಕೈದಿಗೆ ಬರೆದಿರುವ 15.83 ಘನ ಮೀಟರಿಗಿಂತ ಕಡಮೆಯಾಗದಂತೆ. ಸ್ವತಂತ್ರ ಪ್ರಜೆಗೆ ಕೈದಿಯಷ್ಟಾದರೂ ಗಾಳಿ ಕೊಡಿ ಎಂಬ ಬೇಡಿಕೆಯನ್ನು ಕ್ರಾಂತಿ ಎಂದು ಯಾರಾದರೂ ಕರೆಯುವುದಾದರೆ ಕರೆಯಲಿ. ಬಾಡಿಗೆ ವಠಾರಗಳ ಧಣಿಗಳಿಗೂ ಇದನ್ನು ಕಾಲಮಿತಿ ಹಾಕಿ ಅನ್ವಯಿಸಬೇಕು. ಬಾಡಿಗೆ ಏರಿಸಲು ಅದನ್ನೇ ನೆಪ ಮಾಡಿಕೊಳ್ಳಲು ಬಿಡಬಾರದು.

ಇದೆಲ್ಲ ಆಗುವವರೆಗೆ ಮನೆ ಕೊಳ್ಳಲು ಹೊರಟಿರುವ ಬಂಧುಗಳು ಇಷ್ಟು ಮಾಡಿ. ಕರಪತ್ರ ಓದಬೇಡಿ, ಮಂಜೂರಾದ ನಕ್ಷೆ ಕೇಳಿ. ರೇರಾದಲ್ಲಿ ನೋಂದಾಯಿಸಿದ ಕಟ್ಟಡವಾದರೆ ನಕ್ಷೆಯನ್ನು ನಿಮಗೆ ಕೊಡುವುದು ಮಾರುವವನ ಕರ್ತವ್ಯ, ನಿವೇಶನದಲ್ಲಿ ತೂಗುಹಾಕುವುದೂ ಕರ್ತವ್ಯ. ಕೋಣೆಯ ಹೆಸರು ಏನೆಂದು ಬರೆದಿದೆ ನೋಡಿ, ಅಳತೆಪಟ್ಟಿ ತೆಗೆದುಕೊಂಡು ಹೋಗಿ ಗೋಡೆಯಿಂದ ಗೋಡೆಗೆ ಅಳೆಯಿರಿ. ಕರಾರು ನೋಂದಣಿಯಾಗದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಕೇಳಿದರೆ ಕೊಡಬೇಡಿ, ಕೇಳುವುದೇ ಕಾನೂನುಬಾಹಿರ. ಸುಳ್ಳು ಜಾಹೀರಾತು ನಂಬಿ ಹಣ ಕೊಟ್ಟು ನಷ್ಟವಾದವನಿಗೆ ಪರಿಹಾರ ಕೊಡಬೇಕೆಂದು ಕಾಯಿದೆಯ 12ನೆಯ ಕಲಮು ಹೇಳುತ್ತದೆ. ಯೋಜನೆಯಿಂದ ಹಿಂದೆ ಸರಿದರೆ ಕೊಟ್ಟ ಹಣವೆಲ್ಲ ಬಡ್ಡಿ ಸಮೇತ ವಾಪಸು. ಕರಪತ್ರವನ್ನು ಎಸೆಯದೆ ಇಟ್ಟುಕೊಳ್ಳಿ, ಅದೇ ಸಾಕ್ಷಿ.

ನಮ್ಮ ಗೆಳೆಯನಿಗೂ ಇದನ್ನೇ ಹೇಳೋಣವೆಂದು ಹೋದರೆ ಅಲ್ಲೊಂದು ತೊಡಕು. ನಿವೇಶನ 500 ಚದರ ಮೀಟರು ಮೀರದಿದ್ದರೆ ಅಥವಾ ಮನೆಗಳ ಸಂಖ್ಯೆ ಎಂಟು ದಾಟದಿದ್ದರೆ ಆ ಕಾಯಿದೆಯಲ್ಲಿ ನೋಂದಣಿಯೇ ಬೇಕಿಲ್ಲ. ದೊಡ್ಡ ನಗರದ ಗೋಪುರಗಳಿಗೆ ಕಾಯಿದೆಯ ಕಾವಲು. ಜಿಲ್ಲಾ ಪಟ್ಟಣಗಳಲ್ಲಿ ಮೂಲೆಮೂಲೆಗೆ ಎದ್ದು ನಿಲ್ಲುತ್ತಿರುವ ಸಣ್ಣ ಕಟ್ಟಡಗಳು ಆ ಜಾಲದ ಕಣ್ಣಿನಿಂದ ನುಸುಳಿಹೋಗುತ್ತವೆ. ಗೆಳೆಯನ ಕಟ್ಟಡದಲ್ಲಿ ಲೆಕ್ಕ ಹಾಕಿ ಎಂಟೇ ಮನೆ. ಆದ್ದರಿಂದ ಅವನು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿದ್ದಾನೆ. ಎರಡು ಬೆಡ್‌ರೂಮು ಎಂದು ಅಚ್ಚಾಗಿದ್ದ ಆ ಬಣ್ಣದ ಕರಪತ್ರವನ್ನು ಹೆಂಡತಿ ಡಬ್ಬಿಯ ತಳಕ್ಕೆ ಹಾಸಿದ್ದಳು. ಹುಡುಕಿ ತೆಗೆದು, ಮಡಿಕೆ ಬಿಡಿಸಿ, ನಕ್ಷೆಯ ಜೊತೆಗೆ ಪಿನ್ನು ಹಾಕಿ ಇಟ್ಟಿದ್ದಾರೆ.